ಮನೆಗೊಂದು ಖಡ್ಗ

ಸರಕಾರಿ ಗುಮಾಸ್ತನ ಮನೆಯ ಸಾಮಾನುಗಳ ಯಾದಿಯನ್ನು ಸಿದ್ಧಪಡಿಸುವುದು ಬಹು ಸುಲಭವಾದ ಕೆಲಸ. ಅಲ್ಲಿರುವ ಪ್ರತಿಯೊಂದು ವಸ್ತುವಿಗೂ ಏನಾದರೊಂದು ಉಪಯೋಗವಿರುತ್ತದೆ. ಉಪಯೋಗವಿಲ್ಲದ್ದು ಮನೆ ಬದಲಿಸುವಾಗ ಗಾಡಿ ಹತ್ತುವುದೇ ಇಲ್ಲ. ಊರು ಬಿಟ್ಟು ಪರಸ್ಥಳದಲ್ಲಿ ನೆಲೆಸಿದ ನಮ್ಮ ಸಂಘದ ಬಂಧುಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜನ ಕಾಲದ ಒರಳು ಧಾರವಾಡದಲ್ಲಿಯೇ ಉಳಿಯಿತು. ತಾಮ್ರದ ಹಂಡೆ ಅಣ್ಣನ ಪಾಲಿಗೆ ಹೋಯಿತು. ಪುಣೆಯ ಎರಡು ಕೋಣೆಯ ಮನೆಗೆ ಬಂದದ್ದು ಕುಕ್ಕರು, ಕಪಾಟು, ಮಡಚುವ ಮಂಚ, ಮಗನ ಪುಸ್ತಕದ ಚೀಲ. ಇಂಥ ಮನೆಯಲ್ಲಿ ಯಾವ ಕೆಲಸಕ್ಕೂ ಬಾರದ ವಸ್ತುವೊಂದನ್ನು ಬಯಸುವುದೆಂದರೆ, ಬಜೆಟ್ಟಿನಲ್ಲಿ ಲೆಕ್ಕಶೀರ್ಷಿಕೆಯೇ ಇಲ್ಲದ ಖರ್ಚಿಗೆ ಮಂಜೂರಾತಿ ಕೇಳಿದಂತೆಯೇ ಸರಿ. ಆದಾಗ್ಯೂ ನಾವು ಬಯಸಿದೆವು. ಈ ಸಲ ಆ ಬಯಕೆಯ ವೃತ್ತಾಂತವನ್ನೇ ವಾಚಕರ ಮುಂದಿಡುತ್ತೇವೆ.

ಖಡ್ಗವೆಂದೊಡನೆ ಪುಣೆಯಲ್ಲಿ ಶಿವಾಜಿ ಮಹಾರಾಜರ ನೆನಪಾಗುವುದು ಸಹಜ. ನಮ್ಮವರಿಗಾದರೆ ಕಿತ್ತೂರ ಚೆನ್ನಮ್ಮನ ನೆನಪು. ನಾವು ಬಯಸಿದ್ದು ಇವೆರಡೂ ಅಲ್ಲ, ವೈಕಿಂಗರ ಖಡ್ಗ. ಅದೂ ಅಸಲಲ್ಲ, ಪ್ರತಿಕೃತಿ. ವೈಕಿಂಗರೆಂದರೆ ಇಂದಿನ ನಾರ್ವೆ, ಸ್ವೀಡನ್, ಡೆನ್ಮಾರ್ಕ್ ನಾಡುಗಳ ಕಡಲಿಗರು. ಕ್ರಿ. ಶ. 793ರಲ್ಲಿ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪದ ಮಠವನ್ನು ಲೂಟಿ ಮಾಡಿದಂದಿನಿಂದ ಅವರ ಯುಗ ಆರಂಭವಾಯಿತೆಂದೂ, 1066ರಲ್ಲಿ ಸ್ಟ್ಯಾಮ್‌ಫರ್ಡ್ ಬ್ರಿಜ್ ಎಂಬಲ್ಲಿ ನಾರ್ವೆಯ ದೊರೆ ಹರಾಲ್ಡನು ಸೋತು ಮಡಿದಂದಿಗೆ ಮುಗಿಯಿತೆಂದೂ ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಇವರು ಬರಿಯ ಲೂಟಿಕೋರರಾಗಿರಲಿಲ್ಲ. ವ್ಯಾಪಾರಿಗಳೂ ಒಕ್ಕಲಿಗರೂ ಆಗಿದ್ದರು. ಐಸ್‌ಲೆಂಡಿನಲ್ಲಿ ಬೀಡು ಬಿಟ್ಟರು, ಗ್ರೀನ್‌ಲೆಂಡಿಗೆ ದನ ಕುರಿ ಒಯ್ದರು, ವೋಲ್ಗಾ ನದಿಯಗುಂಟ ಪೂರ್ವಕ್ಕೂ ಇಳಿದರು. ಚಿತ್ರಗಳಲ್ಲಿ ಅವರ ತಲೆಯ ಮೇಲೆ ಕೋಡಿನ ಶಿರಸ್ತ್ರಾಣ ಕಾಣುತ್ತದಷ್ಟೆ? ಅದು 1876ರಲ್ಲಿ ಜರ್ಮನಿಯ ಬಾಯ್‌ರಾಯ್ಟ್ ಪಟ್ಟಣದಲ್ಲಿ ವಾಗ್ನರನ ಸಂಗೀತನಾಟಕಕ್ಕೆ ವೇಷಭೂಷಣ ಮಾಡಿದವರಿಂದ ಜನಪ್ರಿಯವಾದದ್ದು. 1943ರಲ್ಲಿ ನಾರ್ವೆಯ ಯೆರ್ಮುಂಡ್‌ಬೂ ಎಂಬಲ್ಲಿ ನೆಲದಿಂದ ತೆಗೆದ ಅಸಲು ವೈಕಿಂಗ್ ಶಿರಸ್ತ್ರಾಣಕ್ಕೆ ಕೋಡೂ ಇಲ್ಲ, ಕಿವಿಯೂ ಇಲ್ಲ; ಬುರುಡೆ, ಕಣ್ಣಿಗೊಂದು ಕನ್ನಡಕದಂಥ ಕಾಪು, ಇಷ್ಟೇ.

ಧಾರವಾಡದ ಗುಮಾಸ್ತನಿಗೆ ಈ ಹುಚ್ಚು ಹತ್ತಿದ್ದು ಹೇಗೆಂದು ಕೇಳುವವರಿಗೆ ನಮ್ಮ ಉತ್ತರ ಒಂದೇ: ಚಿತ್ರದುರ್ಗದ ಮಾರ್ಗವಾಗಿ. ಬಿ. ಎ. ಪರೀಕ್ಷೆಗೆ ಓದುವಾಗ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯ ಉತ್ಖನನದ ಪಾಠವಿತ್ತು. 1947ರಲ್ಲಿ ಅಲ್ಲಿ ಅಗೆದವರು ಭಾರತದ ಪುರಾತತ್ವ ಇಲಾಖೆಯ ಅಂದಿನ ಮಹಾನಿರ್ದೇಶಕರಾದ ಮಾರ್ಟಿಮರ್ ವ್ಹೀಲರ್ ಸಾಹೇಬರು. ಶಿಲಾಯುಧದ ಕಾಲ, ಬೃಹತ್ ಶಿಲಾಗೋರಿಗಳ ಕಾಲ, ಅದರ ಮೇಲಿನ ಕಾಲ ಎಂದು ಪದರು ಪದರಾಗಿ ನೆಲವನ್ನು ಓದುವ ಅವರ ಪದ್ಧತಿಯನ್ನು ಹತ್ತು ಅಂಕಗಳಿಗಾಗಿ ಬಾಯಿಪಾಠ ಮಾಡಿದ್ದೆವು. ಎಷ್ಟೋ ವರ್ಷಗಳ ತರುವಾಯ, ಇದೇ ವ್ಹೀಲರರು ಇಂಡಿಯಾಕ್ಕೆ ಬರುವ ಮೊದಲು ಲಂಡನ್ ಮ್ಯೂಜಿಯಮ್ಮಿನಲ್ಲಿದ್ದಾಗ, 1927ರಲ್ಲಿ, ಲಂಡನ್ನಿನಲ್ಲಿ ದೊರೆತ ವೈಕಿಂಗ್ ವಸ್ತುಗಳ ಮೇಲೆ ಒಂದು ಪುಸ್ತಕ ಬರೆದು ಆ ಖಡ್ಗಗಳ ಹಿಡಿಗಳನ್ನು ಏಳು ಬಗೆಯಾಗಿ ವಿಂಗಡಿಸಿದ್ದರೆಂದು ತಿಳಿಯಿತು. ನಮ್ಮ ಬ್ರಹ್ಮಗಿರಿಯ ಮಣ್ಣು ಮುಟ್ಟಿದ ಕೈ ಅದಕ್ಕೂ ಇಪ್ಪತ್ತು ವರ್ಷ ಮೊದಲು ವೈಕಿಂಗರ ಖಡ್ಗ ಹಿಡಿದಿತ್ತು! ಪರಿಚಯದವರ ಪರಿಚಯದವರೆಂಬಂತೆ ಅಂದಿನಿಂದ ಆ ಖಡ್ಗಗಳೊಡನೆ ನಮಗೆ ಸಲಿಗೆ ಬೆಳೆಯಿತು.

ಓದುತ್ತ ಹೋದಂತೆ ನಮ್ಮೊಳಗಿನ ಗುಮಾಸ್ತನಿಗೂ ಅಲ್ಲಿ ಸಾಕಷ್ಟು ಸಂತೋಷ ದೊರೆಯಿತು. ವ್ಹೀಲರರಿಗಿಂತ ಮೊದಲೇ, 1919ರಲ್ಲಿ, ಯಾನ್ ಪೇಟರ್ಸೆನ್ ಎಂಬ ನಾರ್ವೆಯ ವಿದ್ವಾಂಸರು ತಮ್ಮ ನಾಡಿನ ವೈಕಿಂಗ್ ಖಡ್ಗಗಳನ್ನೆಲ್ಲ ನೋಡಿ, ಹಿಡಿಯ ಆಕಾರದ ಮೇಲಿಂದ ಎ, ಬಿ, ಸಿ ಎಂದು ಅಕ್ಷರ ಹಚ್ಚಿ ವರ್ಗೀಕರಿಸಿಬಿಟ್ಟಿದ್ದಾರೆ. ಇಂದಿಗೂ ಯಾವುದೇ ವೈಕಿಂಗ್ ಖಡ್ಗದ ಹೆಸರು ಹೇಳುವಾಗ ಪೇಟರ್ಸೆನ್ನರ ಅಕ್ಷರ ಹೇಳುವುದೇ ರೂಢಿ. ಫೈಲುಗಳಿಗೆ ನಂಬರು ಹಾಕಿ ಹೊಟ್ಟೆ ಹೊರೆಯುವ ನಮಗೆ ಇಂಥವರ ಮೇಲೆ ಭಕ್ತಿ ಹುಟ್ಟದಿದ್ದೀತೆ? ಕೆಲವು ವರ್ಗಗಳ ಹಿಡಿಗೆ ಬೆಳ್ಳಿಯ ಕುಸುರಿ, ತಾಮ್ರದ ತಂತಿ, ಮೂರು ಐದು ಗುಬ್ಬಿಗಳ ಕಿರೀಟ. ‘ಎಮ್’ ವರ್ಗದ್ದು ಮಾತ್ರ ಏನೂ ಅಲಂಕಾರವಿಲ್ಲದ್ದು: ಕೆಳಗೊಂದು ನೆಟ್ಟನೆಯ ಅಡ್ಡಪಟ್ಟಿ, ಮೇಲೊಂದು ಗಿಡ್ಡ ಅಡ್ಡಪಟ್ಟಿ, ಮುಗಿಯಿತು. ನಾರ್ವೆಯಲ್ಲಿ ಇದು ಬಹಳ ಸಂಖ್ಯೆಯಲ್ಲಿ ದೊರೆತಿದೆ. ನಮ್ಮ ದರ್ಜೆಗೆ ಇದೇ ತಕ್ಕದ್ದೆಂದು ಅಂದೇ ನಿಶ್ಚಯಿಸಿದೆವು.

ಆ ಕಾಲದಲ್ಲಿ ನಾವು ಹುಟ್ಟಿದ್ದರೆ ಎಮ್ ವರ್ಗದ್ದೂ ನಮಗೆ ದಕ್ಕುತ್ತಿರಲಿಲ್ಲವೆನ್ನಿ. ವೈಕಿಂಗರಲ್ಲಿ ಹೆಚ್ಚಿನವರ ಆಯುಧ ಭರ್ಚಿ, ಇಲ್ಲವೆ ಕೊಡಲಿ. ಖಡ್ಗ ಉಳ್ಳವರ ಸೊತ್ತು. ರೈನ್ ನದಿಯ ತೀರದ ಫ್ರಾಂಕರ ಹಳೆಯ ಕಾಯದೆಯೊಂದರಲ್ಲಿ ದಂಡ ತೆರಲು ವಸ್ತುಗಳ ಬೆಲೆ ಬರೆದಿಟ್ಟಿದ್ದಾರೆ. ಒಂದು ಎತ್ತಿಗೆ 2 ಸಾಲಿಡಸ್ ನಾಣ್ಯ. ಒರೆಯಿಲ್ಲದ ಖಡ್ಗಕ್ಕೆ 3. ಒರೆಸಹಿತವಾದ ಖಡ್ಗಕ್ಕೆ 7. ಎಂದರೆ ಒರೆಸಮೇತ ಖಡ್ಗ ಬೇಕಾದವನು ಮೂರೂವರೆ ಎತ್ತು ಬಿಚ್ಚಿಕೊಡಬೇಕಾಗಿತ್ತು. ಒಳ್ಳೆಯ ಅಲಗುಗಳು ತಯಾರಾಗುತ್ತಿದ್ದದ್ದೂ ಫ್ರಾಂಕರ ಆ ಸೀಮೆಯಲ್ಲಿಯೇ. ತಮ್ಮನ್ನು ಕೊಳ್ಳೆಹೊಡೆಯಲು ಬರುವವರಿಗೆ ತಮ್ಮವರೇ ಆಯುಧ ಮಾರುತ್ತಿದ್ದುದನ್ನು ಕಂಡು ರೇಗಿದ ದೊರೆ ಬೋಳು ಚಾರ್ಲ್ಸನು 864ರಲ್ಲಿ, ವೈಕಿಂಗರಿಗೆ ಆಯುಧ ಮಾರಿದವರಿಗೆ ಮರಣದಂಡನೆ ಎಂದು ಹುಕುಮು ಹೊರಡಿಸಿದ. ಹೀಗಿದ್ದರೂ, 922ರಲ್ಲಿ ವೋಲ್ಗಾ ತೀರದಲ್ಲಿ ಆ ಜನರನ್ನು ಕಣ್ಣಾರೆ ಕಂಡ ಅರಬ್ಬಿ ಪ್ರವಾಸಿ ಇಬ್ನ್ ಫದ್ಲಾನನು, ಅವರ ಖಡ್ಗಗಳು ಫ್ರಾಂಕರ ಮಾದರಿಯವೆಂದೇ ಬರೆದಿದ್ದಾನೆ. ಹುಕುಮುಗಳ ಪರಿಪಾಲನೆ ಅಂದೂ ಇಂದಿನಷ್ಟೇ ಇತ್ತೆಂದು ತೋರುತ್ತದೆ.

ಇನ್ನು ನಮ್ಮ ಖರೀದಿಯ ಪ್ರಕರಣ. ತುಟ್ಟಿಭತ್ಯೆಯ ಬಾಕಿ ಒಟ್ಟಿಗೆ ಕೈಸೇರಿದ ತಿಂಗಳು ಅದು. ಖಡ್ಗದ ಬೆಲೆ 8,400 ರೂಪಾಯಿ. ಹೆಂಡತಿಗೆ ಹೇಳುವ ಮೊದಲು ಕಾಯದೆಯನ್ನು ಕೇಳಿದೆವು. ಗುಮಾಸ್ತನ ಧೈರ್ಯದ ಕ್ರಮವೇ ಹಾಗೆ. 1959ರ ಶಸ್ತ್ರಾಸ್ತ್ರ ಅಧಿನಿಯಮದಲ್ಲಿ ಬಂದೂಕಿಗೆ ಒಂದು ನ್ಯಾಯ, ಅಲಗಿನ ಆಯುಧಕ್ಕೆ ಒಂದು ನ್ಯಾಯ. 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಖಡ್ಗ ಕಠಾರಿಗಳಿಗೆ, 4ನೆಯ ಕಲಮಿನ ಮೇರೆಗೆ ಕೇಂದ್ರ ಸರಕಾರ ಪ್ರಕಟಣೆ ಹೊರಡಿಸಿದ ಪ್ರದೇಶಗಳಲ್ಲಿ ಲೈಸೆನ್ಸು ಬೇಕಾಗುತ್ತದೆ. ಇದಲ್ಲದೆ 1951ರ ಮಹಾರಾಷ್ಟ್ರ ಪೋಲೀಸ್ ಅಧಿನಿಯಮದ 37ನೆಯ ಕಲಮಿನಂತೆ ಖಡ್ಗ, ಭರ್ಚಿ, ಲಾಠಿಗಳನ್ನು ಬೀದಿಯಲ್ಲಿ ಒಯ್ಯದಂತೆ ನಿರ್ಬಂಧ ಹಾಕುವ ಅಧಿಕಾರ ಪೋಲೀಸರಿಗಿದೆ. ಇಷ್ಟನ್ನೂ ಒಂದು ಹಾಳೆಯ ಮೇಲೆ ಟಿಪ್ಪಣಿ ಮಾಡಿಕೊಂಡು, ಖಡ್ಗದ ಚಿತ್ರ ಸಹಿತ ಪೋಲೀಸ್ ಠಾಣೆಗೆ ಹೋಗಿ ವಿಚಾರಿಸಿದೆವು. ಅಂಚು ಮೊಂಡಾದದ್ದು, ಮನೆಯೊಳಗೆ ಶೋಭೆಗಾಗಿ ಇಡುವಂಥದ್ದು ಎಂಬುದನ್ನು ನೋಡಿದ ಅಲ್ಲಿನ ಅಧಿಕಾರಿಗಳು, ಮನೆಯಲ್ಲಿರಲಿ, ಬೀದಿಗೆ ಮಾತ್ರ ತರಬೇಡಿ ಎಂದರು. ವಾಚಕರಲ್ಲಿ ಯಾರಿಗಾದರೂ ಇಂಥ ಬಯಕೆ ಹುಟ್ಟಿದರೆ ತಮ್ಮ ತಮ್ಮ ಊರಿನಲ್ಲಿ ಮೊದಲು ವಿಚಾರಿಸಿಕೊಳ್ಳುವುದು ಲೇಸು. ಕೇಂದ್ರ ಸರಕಾರದ ನೌಕರರು ಎರಡು ತಿಂಗಳ ಮೂಲವೇತನಕ್ಕೆ ಮೀರಿದ ಚರಾಸ್ತಿ ಕೊಂಡರೆ ಕಚೇರಿಗೆ ತಿಳಿಸಬೇಕೆಂಬ ನಿಯಮವೂ ಉಂಟು. ನಮ್ಮ ಖಡ್ಗ ಆ ಗೌರವಕ್ಕೆ ಪಾತ್ರವಾಗಲಿಲ್ಲ.

ಕಾಯದೆ ಒಪ್ಪಿತು, ಉಳಿದದ್ದು ನಮ್ಮಾಕೆ. ರಾತ್ರಿ ಊಟವಾದ ಮೇಲೆ ಚಿತ್ರವನ್ನು ಮುಂದಿಟ್ಟೆವು. ಆಕೆ ಬಹಳ ಹೊತ್ತು ನೋಡಿದಳು. “ಯಾವ ಕೆಲಸಕ್ಕ ಬರತದರಿ ಇದು?” ಎಂದಳು. ಯಾವ ಕೆಲಸಕ್ಕೂ ಬರುವುದಿಲ್ಲವೆಂದೆವು. ಸುಳ್ಳು ಹೇಳಲು ಅಲ್ಲಿ ಜಾಗವಿರಲಿಲ್ಲ. ಬೈಗುಳ ಬಂದೀತೆಂದು ಕಾದೆವು. ಬಂದದ್ದು ಬೇರೆ ಮಾತು. “ನಮ್ಮ ಲಗ್ನ ಆಗಿ ಹನ್ನೊಂದು ವರ್ಷ ಆತು. ಇಷ್ಟು ದಿನದಾಗ ನಿಮಗಂತ ನೀವು ಏನ ತಗೊಂಡೀರಿ? ಒಂದು ಹೆಸರು ಹೇಳ್ರಿ ನೋಡೂಣು.” ನಾವು ಯೋಚಿಸಿದೆವು. ಸ್ಕೂಟರು ಕಚೇರಿಗೆ, ಕನ್ನಡಕ ಕಣ್ಣಿಗೆ, ಹೊಸ ಅಂಗಿ ತಮ್ಮನ ಲಗ್ನಕ್ಕೆ. ಹೆಸರು ಸಿಗಲಿಲ್ಲ. “ತಗೋರಿ,” ಎಂದಳು. ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತ, ಬೆನ್ನು ತಿರುಗಿಸಿಕೊಂಡೇ, “ಆದ್ರ ಮುಂದಿನ ಬಾಕಿ ಬಂದಾಗ ನನ್ನ ಪೇಟಿ,” ಎಂದಳು. ಪೇಟಿಯೆಂದರೆ ಹಾರ್ಮೋನಿಯಮ್ಮು. ಲಗ್ನದ ಮೊದಲು ಆಕೆ ಧಾರವಾಡದಲ್ಲಿ ನಾಲ್ಕು ವರ್ಷ ಹಾಡಿಕೆ ಕಲಿತವಳು. ಪೇಟಿ ತವರಿನಲ್ಲಿ ಉಳಿಯಿತು, ಗಾಡಿಯಲ್ಲಿ ಜಾಗವಿರಲಿಲ್ಲ. ಹನ್ನೊಂದು ವರ್ಷ ಆ ಮಾತನ್ನು ಆಕೆ ಎತ್ತಿರಲಿಲ್ಲ. ಅಂದು ರಾತ್ರಿ ನಮಗೆ ಖಡ್ಗದ ಕನಸು ಬೀಳಲಿಲ್ಲ.

ಕೊಳ್ಳುವವರು ಗಮನಿಸಬೇಕಾದ ಒಂದೆರಡು ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಗೋಡೆಗೆ ತೂಗುಹಾಕಲೆಂದೇ ಮಾಡಿದ ಸ್ಟೇನ್‌ಲೆಸ್ ಸ್ಟೀಲಿನ ಖಡ್ಗಗಳು ಅಗ್ಗ, ಹೊಳಪೂ ಹೆಚ್ಚು. ಆದರೆ ಉದ್ದನೆಯ ಅಲಗು ಬಾಗಿ ಮತ್ತೆ ನೆಟ್ಟಗಾಗುವ ಗುಣ ಅವುಗಳಿಗೆ ಕಡಿಮೆ, ಬೀಸಿದರೆ ಮುರಿಯುವ ಭಯ. ಕಾರ್ಬನ್ ಉಕ್ಕಿನ ಅಲಗಿಗೆ ಆ ಗುಣವಿದೆ. ತುಕ್ಕು ಹಿಡಿಯುವ ಚಾಳಿಯೂ ಇದೆ. ಹಿಡಿಯೊಳಗೆ ಹೋಗುವ ಅಲಗಿನ ಬಾಲ ತೆಳ್ಳಗಿನ ಕಡ್ಡಿಯೋ ಅಗಲವಾದ ಪಟ್ಟಿಯೋ ಎಂಬುದನ್ನು ಕೇಳಬೇಕು. ಅಲಗು ಹಿಡಿಯಿಂದ ತುದಿಗೆ ಹೋದಂತೆ ತೆಳುವಾಗುತ್ತ ಹೋಗಬೇಕು. ಹಾಗಿಲ್ಲದ್ದು ಕೈಯಲ್ಲಿ ಹಾರೆಕೋಲಿನಂತೆ ಕೂಡುತ್ತದೆ. ಇಂಥ ಖಡ್ಗಗಳಿಗಾಗಿ ಯುರೋಪಿನ ಕಡೆಗೇ ನೋಡಬೇಕಾಗಿಲ್ಲ. ಡೆಹರಾಡೂನಿನಲ್ಲಿ 1943ರಲ್ಲಿ ಸ್ಥಾಪನೆಯಾದ ವಿಂಡ್‌ಲಾಸ್ ಸ್ಟೀಲ್‌ಕ್ರಾಫ್ಟ್ಸ್ ಎಂಬ ಕಾರಖಾನೆ ಸೇನೆಗಳ ಸಮಾರಂಭಕ್ಕೂ, ಸಿನಿಮಾದವರಿಗೂ, ಹವ್ಯಾಸಿಗಳಿಗೂ ಖಡ್ಗಗಳನ್ನು ಮಾಡಿ ಪರದೇಶಗಳಿಗೆ ಕಳಿಸುತ್ತ ಬಂದಿದೆ. ವೈಕಿಂಗರ ಮರಿಮೊಮ್ಮಕ್ಕಳು ಹಿಮಾಲಯದ ಬುಡದಲ್ಲಿ ತಯಾರಾದ ಖಡ್ಗ ತರಿಸಿಕೊಳ್ಳುವುದನ್ನು ಬೋಳು ಚಾರ್ಲ್ಸನು ನೋಡಿದ್ದರೆ ಏನು ಹುಕುಮು ಹೊರಡಿಸುತ್ತಿದ್ದನೋ!

ಪೆಟ್ಟಿಗೆ ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಉದ್ದವಾದ ಆ ರಟ್ಟಿನ ಪೆಟ್ಟಿಗೆಯನ್ನು ನೋಡಿ ಕೆಳಗಿನ ಮನೆಯ ಜೋಶಿ ಕಾಕಾ ಟ್ಯೂಬ್‌ಲೈಟ್ ಎಂದುಕೊಂಡರಂತೆ. ಸಹಿ ಮಾಡಿ ತೆಗೆದುಕೊಂಡೆವು. ಬಿಚ್ಚಲು ಅವಸರ, ಕೈ ಮಾತ್ರ ನಡುಗುತ್ತಿತ್ತು. ಮಗ ಕತ್ತರಿ ತಂದ. ಕಾಗದದ ಮೇಲೆ ಕಾಗದ, ಅದರೊಳಗೆ ಪ್ಲಾಸ್ಟಿಕ್ಕು, ಅದರೊಳಗೆ ಜಿಡ್ಡು ಎಣ್ಣೆಯ ವಾಸನೆ. ಕೊನೆಗೆ ಕಂದು ಬಣ್ಣದ ಚರ್ಮದ ಒರೆ, ಅದರ ತುದಿಗೆ ನೆಟ್ಟನೆಯ ಅಡ್ಡಪಟ್ಟಿಯ ಹಿಡಿ. ಒರೆಯಿಂದ ಎಳೆದಾಗ ಒಂದು ಸಪ್ಪಳವಾಯಿತು. ಸಿನಿಮಾದಲ್ಲಿ ಕೇಳುವ ಝಣತ್ಕಾರವಲ್ಲ. ಚರ್ಮದ ಮೇಲೆ ಉಕ್ಕು ಜಾರುವ ಮೆತ್ತಗಿನ ಉಸಿರು. ಮನೆಯ ನಾಲ್ಕೂ ಜನ ಸುಮ್ಮನೆ ನಿಂತೆವು.

ಒಟ್ಟು ಉದ್ದ 92 ಸೆಂಟಿಮೀಟರು, ಅಲಗು 76, ಬುಡದಲ್ಲಿ ಅಗಲ 5, ತೂಕ 1,150 ಗ್ರಾಮು. ತೂಕದ ವಿಷಯ ಕೇಳಿ ನಮ್ಮ ಕಚೇರಿಯವರೆಲ್ಲ ನಕ್ಕರು. ಖಡ್ಗವೆಂದರೆ ಐದಾರು ಕಿಲೋ ಇರುತ್ತದೆಂದು ಅವರ ಅಂದಾಜು. ಅಸಲು ವೈಕಿಂಗ್ ಖಡ್ಗಗಳೂ ಹೆಚ್ಚಾಗಿ ಕಿಲೋದ ಆಸುಪಾಸಿನವೇ. ದಿನವಿಡೀ ಹಿಡಿಯಬೇಕಾದವನು ಕಬ್ಬಿಣದ ಕಂಬ ಹೊರುವುದಿಲ್ಲ. ಅಲಗಿನ ನಡುವೆ ಉದ್ದಕ್ಕೂ ಇರುವ ತೋಡು ಕೂಡ ಇದಕ್ಕಾಗಿಯೇ. ಅದರಲ್ಲಿ ರಕ್ತ ಹರಿಯಲೆಂದು ಮಾಡಿದ್ದಾರೆಂದು ಹೇಳುವವರುಂಟು. ಹಾಗಲ್ಲ, ಬಲ ತಗ್ಗದಂತೆ ಭಾರ ತಗ್ಗಿಸುವ ಕಮ್ಮಾರನ ಉಪಾಯವದು. ಹಿಡಿ ಗಿಡ್ಡ, ಅಂಗೈ ಅದರಲ್ಲಿ ಇಕ್ಕಟ್ಟಾಗಿ ಕೂಡುತ್ತದೆ. ಕೆಳಗಿನ ಪಟ್ಟಿ ಮೇಲಿನ ಪಟ್ಟಿಗಳ ನಡುವೆ ಕೈ ಸಿಕ್ಕಿಕೊಂಡಂತಾಗಿ, ಮಣಿಕಟ್ಟಿನಿಂದ ತಿರುಗಿಸುವುದು ಕಠಿಣ. ಬೀಸಬೇಕಾದರೆ ಮೊಣಕೈ, ಭುಜಗಳು ಏಳಬೇಕು. ಎಡಗೈಯಲ್ಲಿ ಗುಂಡನೆಯ ಗುರಾಣಿ ಇರುತ್ತಿತ್ತೆಂಬುದು ನೆನಪಾದಾಗ ಎಲ್ಲ ಅರ್ಥವಾಗುತ್ತದೆ. ಓಸ್ಲೋ, ಕೋಪನ್‌ಹೇಗನ್ನುಗಳ ಮ್ಯೂಜಿಯಮ್ಮಿನಲ್ಲಿರುವ ಅಸಲು ಖಡ್ಗಗಳನ್ನು ಮುಟ್ಟಲಾಗದು. ಅವು ಸಾವಿರ ವರ್ಷದ ತುಕ್ಕು ತಿಂದವು. ಹೊಸದಾಗಿದ್ದಾಗ ಅದು ಹೇಗಿತ್ತು, ಕೈಗೆ ಹೇಗೆ ಕೂಡುತ್ತಿತ್ತು ಎಂಬುದನ್ನು ತಿಳಿಸುವುದು ಪ್ರತಿಕೃತಿಯೇ. ಹದಿನೈದು ವರ್ಷ ಕಣ್ಣಿನಿಂದ ಓದಿದ್ದನ್ನು ಅಂದು ಅಂಗೈ ಓದಿತು.

ಆ ಸಂಜೆ ಮನೆಯಲ್ಲಿ ಖಡ್ಗದ ಕತೆಗಳದೇ ದರಬಾರು. ವೈಕಿಂಗರು ತಮ್ಮ ಖಡ್ಗಗಳಿಗೆ ಹೆಸರಿಡುತ್ತಿದ್ದರು. ಐಸ್‌ಲೆಂಡಿನ ಸ್ನೋರಿ ಸ್ಟುರ್ಲುಸನ್ ಹದಿಮೂರನೆಯ ಶತಮಾನದಲ್ಲಿ ಬರೆದ ರಾಜಚರಿತ್ರೆಯಲ್ಲಿ ನಾರ್ವೆಯ ಹಾಕೋನ್ ದೊರೆಯ ಖಡ್ಗಕ್ಕೆ ‘ಬೀಸುಕಲ್ಲು ಕಚ್ಚುವವ’ ಎಂಬರ್ಥದ ಹೆಸರಿದೆ. ಅದರಿಂದ ಆತ ಬೀಸುಕಲ್ಲನ್ನು ನಡುವಿನ ತೂತಿನವರೆಗೆ ಸೀಳಿದನಂತೆ. ಲಾಕ್ಸ್‌ಡೇಲಾ ಎಂಬ ಇನ್ನೊಂದು ಕಥನದಲ್ಲಿ ಸ್ಕೋಫ್ನುಂಗ್ ಎಂಬ ಖಡ್ಗ ಬರುತ್ತದೆ. ಅದನ್ನು ಹೆಂಗಸರ ಎದುರಿಗೆ ಒರೆಯಿಂದ ತೆಗೆಯಬಾರದೆಂದು ನಿಯಮ. ಇದನ್ನು ಹೇಳಿದಾಗ ನಮ್ಮಾಕೆ, “ಮತ್ತ ಜಿಡ್ಡು ವರಸವರು ಯಾರು?” ಎಂದು ಕೇಳಿದಳು. ಅದೇ ಕಥನದಲ್ಲಿ ಗೈರ್ಮುಂಡ್ ಎಂಬವನು ಹೆಂಡತಿಗೂ ಕೂಸಿಗೂ ಒಂದು ಕಾಸು ಕೊಡದೆ ಹಡಗು ಹತ್ತಿ ಹೊರಡುತ್ತಾನೆ. ಗಾಳಿ ಬೀಸದೆ ಹಡಗು ತಡೆದು ನಿಂತಾಗ, ಹೆಂಡತಿ ತುರಿಡ್ ರಾತ್ರಿ ದೋಣಿಯಲ್ಲಿ ಬಂದು, ಮಲಗಿದ್ದ ಗಂಡನ ಪಕ್ಕದಲ್ಲಿ ಕೂಸನ್ನು ಮಲಗಿಸಿ, ಅವನು ಪ್ರಾಣಕ್ಕಿಂತ ಹೆಚ್ಚಾಗಿ ಕಾಯುತ್ತಿದ್ದ ‘ಕಾಲುಕಚ್ಚ’ ಎಂಬ ಖಡ್ಗವನ್ನು ಎತ್ತಿಕೊಂಡು ಹೋಗಿಬಿಡುತ್ತಾಳೆ. ಕೂಸಿನ ಅಳು ಕೇಳಿ ಅವನು ಎದ್ದಾಗ ಖಡ್ಗವಿಲ್ಲ! ಈ ಕತೆ ನಮ್ಮಾಕೆಗೆ ಬಹಳ ಹಿಡಿಸಿತು. ಎರಡು ಸಲ ಹೇಳಿಸಿದಳು.

ನಮ್ಮ ಅವ್ವನಿಗೆ ಮಾತ್ರ ಸಮಾಧಾನವಿರಲಿಲ್ಲ. ಕುರ್ಚಿಯಲ್ಲಿ ಕುಳಿತು ಖಡ್ಗವನ್ನೇ ನೋಡುತ್ತಿದ್ದವಳು, “ತಮ್ಮಾ, ಮನ್ಯಾಗ ಹತ್ಯಾರ ಯಾಕ? ಅದು ಎಷ್ಟು ಮಂದೀನ ಕಡದದ್ದೋ ಏನೋ,” ಎಂದಳು. ಇದು ಯಾರನ್ನೂ ಕಡಿದಿಲ್ಲ, ಹೋದ ವರ್ಷ ಮಾಡಿದ್ದೆಂದೆವು. “ಇದು ಕಡದಿರಲಿಕ್ಕಿಲ್ಲ. ಇದರ ಅಜ್ಜ?” ಎಂದಳು. ಆ ಪ್ರಶ್ನೆಗೆ ಉತ್ತರ ಸುಲಭವಲ್ಲ. ಲಿಂಡಿಸ್‌ಫಾರ್ನಿನ ಸನ್ಯಾಸಿಗಳ ಕೈಯಲ್ಲಿ ಖಡ್ಗವಿರಲಿಲ್ಲ. ಮನುಷ್ಯರನ್ನು ಹಿಡಿದು ಮಾರುವುದೂ ವೈಕಿಂಗರ ವ್ಯಾಪಾರದಲ್ಲಿ ಸೇರಿತ್ತು. ನಾವು ಇಷ್ಟನ್ನೇ ಹೇಳಿದೆವು: ಅವ್ವಾ, ಕಡಿದವನ ಮೇಲೆ ನಮಗೆ ಪ್ರೀತಿಯಿಲ್ಲ; ಮಾಡಿದವನ ಮೇಲೆ. ಇದ್ದಿಲಿನ ಬೆಂಕಿಯ ಬಣ್ಣ ನೋಡಿಯೇ ಕಾವು ಅಳೆದು, ಬೇರೆ ಬೇರೆ ಕಬ್ಬಿಣದ ಸರಳುಗಳನ್ನು ಹುರಿಯಂತೆ ತಿರುಚಿ, ಬಡಿದು ಒಂದು ಮಾಡಿ, ಅಲಗಿನ ನಡುವೆ ನೀರಿನ ತೆರೆಯಂಥ ಗೆರೆ ಮೂಡಿಸಿದ ಆ ಕಮ್ಮಾರರ ಹೆಸರು ಯಾವ ಕಥನದಲ್ಲಿಯೂ ಇಲ್ಲ. ವೈಕಿಂಗರು ಒಡೆಯನನ್ನು ಸುಟ್ಟಾಗ ಅವನ ಖಡ್ಗವನ್ನೂ ಎಷ್ಟೋ ಸಲ ಬಗ್ಗಿಸಿ, ಮಡಚಿ ಸಮಾಧಿಯಲ್ಲಿಡುತ್ತಿದ್ದರು. ಖಡ್ಗಕ್ಕೂ ಒಂದು ಸಾವು ಬೇಕೆಂಬಂತೆ. ಅವ್ವ ಇದನ್ನು ಕೇಳಿ ತಲೆದೂಗಿದಳು. “ಅದು ಛೊಲೋ ಪದ್ಧತಿ,” ಎಂದಳು.

ಮಗನ ವಿಷಯ ಬರೆಯದಿದ್ದರೆ ಈ ಲೇಖನ ಅಪೂರ್ಣ. ಅವನಿಗೆ ಹತ್ತು ವರ್ಷ. ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಮರಾಠಿ, ಟಿ. ವಿ.ಯಲ್ಲಿ ಹಿಂದಿ, ಕನ್ನಡಕ್ಕೆ ಉಳಿಯುವುದು ಊಟದ ಹೊತ್ತು. ನಾವು ಕನ್ನಡದಲ್ಲಿ ಕೇಳಿದರೆ ಅವನು ಇಂಗ್ಲಿಷಿನಲ್ಲಿ ಉತ್ತರಿಸುವುದು ನಮ್ಮ ಸಂಘದ ಎಷ್ಟೋ ಮನೆಗಳ ಕತೆಯೇ ಆಗಿದೆ. ಅವನಿಗೆ ಉಲ್ಫ್‌ಬೆರ್ಟ್ ಖಡ್ಗಗಳ ಸಂಗತಿ ಹೇಳಿದೆವು. ಅಲಗಿನ ಮೇಲೆ ಕಬ್ಬಿಣದ ತಂತಿ ಕೂಡಿಸಿ ಉಲ್ಫ್‌ಬೆರ್ಟ್ ಎಂಬ ಹೆಸರು ಬರೆದ ಸುಮಾರು 170 ಖಡ್ಗಗಳು ಯುರೋಪಿನಲ್ಲೆಲ್ಲ ದೊರೆತಿವೆ. ಸುಮಾರು ಇನ್ನೂರು ವರ್ಷ ಅದೇ ಹೆಸರು ನಡೆದದ್ದರಿಂದ ಅದು ಒಬ್ಬ ಮನುಷ್ಯನದಲ್ಲ, ಛಾಪಿನದು. ಆಲನ್ ವಿಲಿಯಮ್ಸ್ ಎಂಬ ಲೋಹವಿದ್ವಾಂಸರು ಇವುಗಳಲ್ಲಿ ಹಲವನ್ನು ಪರೀಕ್ಷಿಸಿ, ಕೆಲವು ಬಹು ಉತ್ತಮ ಉಕ್ಕಿನವು, ಅಕ್ಷರ ತಪ್ಪಿದ ಕೆಲವು ಸಾಧಾರಣ ಲೋಹದವು ಎಂದು ಕಂಡು, ಎರಡನೆಯವು ಆ ಕಾಲದಲ್ಲಿಯೇ ಆದ ನಕಲುಗಳೆಂದು ವಾದಿಸಿದ್ದಾರೆ. ಮಗ ನಕ್ಕ, ಸ್ಪೆಲಿಂಗ್ ತಪ್ಪಿದ್ದಕ್ಕೆ ಸಿಕ್ಕಿಬಿದ್ದರಲ್ಲ ಎಂದು. ಆ ಉತ್ತಮ ಉಕ್ಕು ಮೂಸೆಯಲ್ಲಿ ಕರಗಿಸಿದ್ದು, ಪೂರ್ವದಿಂದ ವೋಲ್ಗಾ ಮಾರ್ಗವಾಗಿ ಬಂದದ್ದು ಎಂಬುದು ವಿಲಿಯಮ್ಸರ ಮತ, ಒಪ್ಪದವರೂ ಇದ್ದಾರೆ.

ಮೂಸೆಯ ಉಕ್ಕೆಂದರೇನೆಂದು ಮಗ ಕೇಳಿದ. ಅದಕ್ಕೆ ಇಂಗ್ಲಿಷಿನಲ್ಲಿ ‘ವೂಟ್ಸ್’ ಎನ್ನುತ್ತಾರೆ, ಆ ಶಬ್ದ ಎಲ್ಲಿಯದು ಗೊತ್ತೇ ಎಂದೆವು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬವರು ಮುಂಬಯಿಯಿಂದ ಬಂದ ಉಕ್ಕನ್ನು ಪರೀಕ್ಷಿಸಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅದೇ ಹೆಸರಿನಿಂದ ಪ್ರಬಂಧ ಓದಿದರು. ಫ್ಯಾರಡೇಯಂಥ ವಿಜ್ಞಾನಿಯೂ ತರುವಾಯ ಅದರ ಮರ್ಮ ತಿಳಿಯಲು ಪ್ರಯೋಗಗಳನ್ನು ಮಾಡಿದ. ಆ ವೂಟ್ಸ್ ಎಂಬುದು ನಮ್ಮ ‘ಉಕ್ಕು’ ಶಬ್ದದ ರೂಪಾಂತರವೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕನನ್ ಸಾಹೇಬ ಹಳ್ಳಿಯ ಉಕ್ಕಿನ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದರೆಂದೂ ಬರೆದಿದ್ದಾನೆ. ಹಾಗೆಂದು ವೈಕಿಂಗರ ಖಡ್ಗ ನಮ್ಮೂರ ಉಕ್ಕಿನಿಂದಾಯಿತೆಂದು ಗೆಳೆಯರ ಮುಂದೆ ಕೊಚ್ಚಿಕೊಳ್ಳಬೇಡ ಎಂದೂ ಎಚ್ಚರಿಸಿದೆವು. ನಮ್ಮದು ಹೆಸರು, ಅಷ್ಟಕ್ಕೇ ತೃಪ್ತಿ ಪಡಬೇಕು. ಮಗ ಖಡ್ಗದ ಮೇಲೆ ಬೆರಳಾಡಿಸುತ್ತ, “ಉಕ್ಕು, ಉಕ್ಕು,” ಎಂದು ನಾಲ್ಕು ಸಲ ಹೇಳಿಕೊಂಡ. ಮರುದಿನ ಊಟಕ್ಕೆ ಕುಳಿತಾಗ, “ಅಪ್ಪಾ, ಕಬ್ಬಿಣಕ್ಕೂ ಉಕ್ಕಿಗೂ ಏನು ಫರಕು?” ಎಂದು ತಾನಾಗಿಯೇ ಕೇಳಿದ. ಪೂರ್ತಿ ಕನ್ನಡ! ನಾವೂ ನಮ್ಮಾಕೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಏನೂ ಹೇಳಲಿಲ್ಲ, ಹೇಳಿದರೆ ಎಲ್ಲಿ ನಿಲ್ಲಿಸುತ್ತಾನೋ ಎಂಬ ಭಯ. 8,400 ರೂಪಾಯಿಯ ಲೆಕ್ಕದಲ್ಲಿ ಈ ಜಮೆಯನ್ನು ನಾವು ಹಿಡಿದಿರಲಿಲ್ಲ.

ಈಗ ಖಡ್ಗ ಕಪಾಟಿನ ಮೇಲೆ, ಮಗನ ಕೈಗೆ ನಿಲುಕದಷ್ಟು ಎತ್ತರದಲ್ಲಿದೆ. ಪುಣೆಯ ಮಳೆಗಾಲ ಕಾರ್ಬನ್ ಉಕ್ಕಿಗೆ ಶತ್ರು. ಹದಿನೈದು ದಿನಕ್ಕೊಮ್ಮೆ ಒಣಗಿದ ಬಟ್ಟೆಯಿಂದ ಒರೆಸಿ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರುತ್ತೇವೆ. ಬರಿಗೈಯಿಂದ ಅಲಗು ಮುಟ್ಟಿದರೆ ಬೆವರಿನ ಗುರುತು ಎರಡು ದಿನದಲ್ಲಿ ತುಕ್ಕಾಗುತ್ತದೆ. ಚರ್ಮದ ಒರೆ ತೇವ ಹೀರುತ್ತದೆ. ಆದ್ದರಿಂದ ಮಳೆಗಾಲ ಮುಗಿಯುವ ತನಕ ಖಡ್ಗ ಬೇರೆ, ಒರೆ ಬೇರೆ. ಎಣ್ಣೆಯ ಡಬ್ಬಿಯನ್ನು ನೆನಪಿನಿಂದ ತಂದಿಡುವವಳು ನಮ್ಮಾಕೆಯೇ. ಹೆಂಗಸರು ಒರೆಯಿಂದ ತೆಗೆಯಬಾರದೆಂಬ ನಿಯಮ ನಮ್ಮ ಮನೆಯಲ್ಲಿ ಜಾರಿಯಲ್ಲಿಲ್ಲ. ಜಾರಿಗೆ ತರುವಂತೆಯೂ ಇಲ್ಲ. ಸ್ವೀಡನ್ನಿನ ಬಿರ್ಕಾ ಎಂಬಲ್ಲಿ 1878ರಲ್ಲಿ ಅಗೆದ ಒಂದು ಸಮಾಧಿಯಲ್ಲಿ ಖಡ್ಗ, ಕೊಡಲಿ, ಬಾಣ, ಗುರಾಣಿ, ಎರಡು ಕುದುರೆಗಳಿದ್ದುದನ್ನು ನೋಡಿ ಮಹಾವೀರನೊಬ್ಬನದೆಂದು ನೂರು ವರ್ಷಕ್ಕೂ ಮಿಕ್ಕಿ ನಂಬಿದ್ದರು. 2017ರಲ್ಲಿ ಎಲುಬುಗಳ ಡಿ. ಎನ್. ಎ. ಪರೀಕ್ಷೆಯಾದಾಗ ಅದು ಹೆಂಗಸಿನದೆಂದು ಗೊತ್ತಾಯಿತು. ಈ ಸುದ್ದಿ ನಮ್ಮ ಮನೆಯಲ್ಲಿ ಆಗಾಗ ಪ್ರಸ್ತಾಪಕ್ಕೆ ಬರುತ್ತಿರುತ್ತದೆ.

ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ದಸರೆ ಬಾಗಿಲಲ್ಲಿರುತ್ತದೆ. ನಮ್ಮ ಕಡೆ ಮಹಾನವಮಿಗೆ ಖಂಡೇನವಮಿ ಎನ್ನುತ್ತಾರೆ. ಖಂಡೆಯೆಂದರೆ ಖಡ್ಗವೇ ಆದರೂ, ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಆ ದಿನ ಪೂಜೆಗೊಳ್ಳುತ್ತ ಬಂದದ್ದು ಈಳಿಗೆಮಣೆ, ಕತ್ತರಿ, ಅಜ್ಜನ ಶಾಯಿ ಪೆನ್ನು. ಈ ಸಲ ಏನು ಮಾಡುವುದೆಂದು ಅವ್ವನನ್ನು ಕೇಳಿದೆವು. ಪರದೇಶದ ಹತ್ಯಾರಕ್ಕೆ ಅವಳು ಕುಂಕುಮ ಹಚ್ಚಿಯಾಳೇ ಎಂಬ ಸಂಶಯ ನಮಗಿತ್ತು. ಅವ್ವ ಸ್ವಲ್ಪ ಹೊತ್ತು ಯೋಚಿಸಿ, “ಮನೀಗೆ ಬಂದದ್ದು ಮನೀದs. ಈಳಿಗಿ ಮಗ್ಗಲಕ ಇಡು,” ಎಂದಳು. ಪೂಜೆಯ ಮಣೆಯ ಮೇಲೆ ಖಡ್ಗದ ಬಲಕ್ಕೆ ಒಂದು ಪೇಟಿಯಷ್ಟು ಜಾಗ ಬಿಡಬೇಕೆಂದು ನಮ್ಮಾಕೆ ಈಗಲೇ ಅಳತೆ ಹೇಳಿದ್ದಾಳೆ. ತುಟ್ಟಿಭತ್ಯೆಯ ಮುಂದಿನ ಆದೇಶದ ಕಡೆಗೆ ನಮ್ಮ ಕಣ್ಣಿದೆ. ವಾಚಕರೆಲ್ಲರಿಗೂ ಬನ್ನಿಯ ವಂದನೆಗಳು. ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ.